ಕಾಡು ಚೆರ್ರಿಯ ಘಮ ಎಲ್ಲಿಂದ ಬರುತ್ತದೆ?

ಕಾಡು ಚೆರ್ರಿ ಮರದ ಎಳೆ ಕಡ್ಡಿಯೊಂದನ್ನು ಮುರಿದು, ಉಗುರಿನಿಂದ ತೊಗಟೆ ಕೆರೆದು ಮೂಗಿಗೆ ಹಿಡಿಯಿರಿ. ಬಾದಾಮಿ ಎಸೆನ್ಸ್ ಬಾಟಲಿಯ ಮುಚ್ಚಳ ತೆಗೆದ ಹಾಗಿರುತ್ತದೆ. ಅದೇ ಮರದ ಹೂವನ್ನು ಮೂಸಿದರೆ ಕತೆಯೇ ಬೇರೆ. ಮೊದಲಿಗೆ ಏನೂ ಇಲ್ಲ ಅನ್ನಿಸುತ್ತದೆ. ಬಿಸಿಲು ಸ್ವಲ್ಪ ಏರಿದ ಮೇಲೆ ಇನ್ನೊಮ್ಮೆ ಮೂಸಿದರೆ ತೆಳ್ಳಗೆ ಜೇನಿನಂಥ ಕಂಪು, ಅದರ ಹಿಂದೆ ಎಲ್ಲೋ ಒಂದು ಎಳೆಯಷ್ಟು ಅದೇ ಬಾದಾಮಿ. ಇದರ ಜಪಾನಿನ ನೆಂಟ ಓಶಿಮಾ ಚೆರ್ರಿಯ ಎಲೆಯನ್ನು ಉಪ್ಪಿನಲ್ಲಿ ಹಾಕಿಟ್ಟು ತೆಗೆದರೆ ಮೂರನೆಯ ವಾಸನೆ ಬರುತ್ತದೆ. ಒಣಹುಲ್ಲು ಮತ್ತು ವೆನಿಲಾ ಎರಡೂ ಬೆರೆತ ಹಾಗೆ.

ಈ ಮೂರನ್ನೂ ಮೂಸಿದವರಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸಬಹುದು. ಆದರೆ ಮೂರರ ಮೂಲವೂ ಒಂದೇ ಅಣು. ಅದರ ಹೆಸರು ಫಿನೈಲ್‌ಅಲನಿನ್. ನಮ್ಮ ಮೈಯ ಪ್ರೋಟೀನ್‌ಗಳಲ್ಲೂ ಇರುವ ಮಾಮೂಲಿ ಅಮೈನೊ ಆಮ್ಲ. ನಮಗೆ ಅದನ್ನು ತಯಾರಿಸೋಕೆ ಬರೋದಿಲ್ಲ, ಊಟದಿಂದಲೇ ಪಡೆಯಬೇಕು. ಗಿಡಮರಗಳಿಗೆ ಬರುತ್ತದೆ. ಚೆರ್ರಿಯಂತೂ ಅದನ್ನು ಒಂದು ಕಡೆ ಕತ್ತರಿಸಿ ಜೇನುನೊಣಕ್ಕೆ ಕರೆಯೋಲೆ ಬರೆಯುತ್ತದೆ, ಇನ್ನೊಂದು ಕಡೆ ಕತ್ತರಿಸಿ ವಿಷ ಕಾಯಿಸುತ್ತದೆ. ಕರೆಯೋಲೆಯಲ್ಲೂ ವಿಷದಲ್ಲೂ ಅದೇ ಬಾದಾಮಿ ವಾಸನೆ ಇದೆ ಅನ್ನುವುದೇ ಇಲ್ಲಿನ ತಮಾಷೆ.

ಯಾವ ಮರ ಇದು?

ಚೆರ್ರಿ ಅನ್ನುವ ಹೆಸರಿನಲ್ಲಿ ಹತ್ತಾರು ಮರಗಳಿವೆ. ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಪ್ರೂನಸ್ ಏವಿಯಮ್ ಬಗ್ಗೆ. ಯುರೋಪು, ಪಶ್ಚಿಮ ಏಷ್ಯಾ ಮತ್ತು ವಾಯವ್ಯ ಆಫ್ರಿಕಾ ಇದರ ತವರು. ಗುಲಾಬಿ ಕುಟುಂಬಕ್ಕೆ ಸೇರಿದ್ದು. ಬಾದಾಮಿ, ಪ್ಲಮ್, ಪೀಚ್, ಏಪ್ರಿಕಾಟ್ ಎಲ್ಲವೂ ಇದೇ ಪ್ರೂನಸ್ ಕುಲದವು. ಹಾಗಾಗಿ ಚೆರ್ರಿ ಕಡ್ಡಿಯಲ್ಲಿ ಬಾದಾಮಿ ವಾಸನೆ ಬಂದರೆ ಅದು ಮನೆತನದ ಗುಣ.

ಹೆಸರಿನ ವಿಷಯದಲ್ಲಿ ಒಂದಿಷ್ಟು ಗೋಜಲಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಹುಳಿ ಚೆರ್ರಿಯ ಒಂದು ಬಗೆ ಎಂದು ಬರೆದರು. 1755ರಲ್ಲಿ ಮನಸ್ಸು ಬದಲಾಯಿಸಿ ಇದನ್ನೇ ಬೇರೆ ಪ್ರಭೇದ ಮಾಡಿದರು. ಏವಿಯಮ್ ಅಂದರೆ ಲ್ಯಾಟಿನ್‌ನಲ್ಲಿ 'ಹಕ್ಕಿಗಳ' ಎಂದು ಅರ್ಥ. ಆದರೆ ಇಂಗ್ಲಿಷ್‌ನಲ್ಲಿ 'ಬರ್ಡ್ ಚೆರ್ರಿ' ಅಂದರೆ ಈ ಮರ ಅಲ್ಲ! ಅದು ಪ್ರೂನಸ್ ಪ್ಯಾಡಸ್ ಅನ್ನುವ ಇನ್ನೊಂದು ಮರ. ಓದುವಾಗ ಇವೆರಡನ್ನೂ ಕಲಸಿಕೊಳ್ಳುವುದು ತೀರಾ ಸುಲಭ. ಅಂಗಡಿಯಲ್ಲಿ ಸಿಗುವ ಸಿಹಿ ಚೆರ್ರಿ ಹಣ್ಣು ಏವಿಯಮ್‌ನದೇ ಸಾಕಿದ ರೂಪ. ಇದರ ಕೋಶದಲ್ಲಿ 16 ವರ್ಣತಂತುಗಳು. ಹುಳಿ ಚೆರ್ರಿಯಲ್ಲಿ 32. ಏವಿಯಮ್ ಮತ್ತು ಕುಳ್ಳಗಿನ ಪೊದೆ ಚೆರ್ರಿಯೊಂದು ಬೆರೆತು ಹುಟ್ಟಿದ್ದು ಆ ಹುಳಿ ಚೆರ್ರಿ.

ಮರ 15ರಿಂದ 30 ಮೀಟರಿನವರೆಗೆ ನೆಟ್ಟಗೆ ಬೆಳೆಯುತ್ತದೆ. ಹೂವಿಲ್ಲದ ಕಾಲದಲ್ಲೂ ಗುರುತು ಹಿಡಿಯಬಹುದು. ತೊಗಟೆ ನುಣುಪಾಗಿ, ನೇರಳೆ ಬೆರೆತ ಕಂದು ಬಣ್ಣಕ್ಕಿರುತ್ತದೆ. ಅದರ ಮೇಲೆ ಅಡ್ಡಡ್ಡ ಗೀರುಗಳು, ಯಾರೋ ಕಾಂಡದ ಸುತ್ತ ಚಾಕುವಿನಿಂದ ಗೆರೆ ಎಳೆದ ಹಾಗೆ. ಮರ ಉಸಿರಾಡುವ ಗಂಡಿಗಳು ಅವು. ಎಲೆಯ ತೊಟ್ಟನ್ನು ಬೆರಳಲ್ಲಿ ಹಿಡಿದು ನೋಡಿ. ಎಲೆ ಶುರುವಾಗುವ ಜಾಗದ ಸ್ವಲ್ಪ ಕೆಳಗೆ, ಗುಂಡುಸೂಜಿ ತಲೆಯಷ್ಟಿರುವ ಕೆಂಪು ಗಂಟುಗಳು ಎರಡೋ ಮೂರೋ ಕಾಣುತ್ತವೆ. ಅವು ಮಕರಂದ ಒಸರುವ ಗ್ರಂಥಿಗಳು. ಹೂವಿನಲ್ಲಿ ಇರಬೇಕಾದ ಸಿಹಿ ಎಲೆಯ ತೊಟ್ಟಿನಲ್ಲಿ ಯಾಕೆ? ಇರುವೆಗಳಿಗಾಗಿ. ಉತ್ತರ ಅಮೆರಿಕದ ಕಪ್ಪು ಚೆರ್ರಿಯ ಮೇಲೆ ಮಿಚಿಗನ್‌ನಲ್ಲಿ ನಡೆದು 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಗ್ಗೊಡೆದ ಮೊದಲ ಮೂರು ವಾರ ಈ ಗ್ರಂಥಿಗಳು ಜೋರಾಗಿ ಒಸರುತ್ತಿದ್ದವು. ಎಲೆ ತಿನ್ನುವ ಕಂಬಳಿಹುಳಗಳು ಇರುವೆ ಕೊಲ್ಲಬಹುದಾದಷ್ಟು ಚಿಕ್ಕವಾಗಿರುವುದೂ ಆಗಲೇ. ಹುಳ ದಪ್ಪಗಾದ ಮೇಲೆ ಸಿಹಿ ಸುರಿಸಿ ಲಾಭವಿಲ್ಲ ಅಂತ ಮರಕ್ಕೂ ಗೊತ್ತಿದ್ದ ಹಾಗಿದೆ, ಅಲ್ವಾ?

ಹೂವಿನ ಬಟ್ಟಲಿಗೆ ಇಣುಕಿದರೆ

ವಸಂತದ ಆರಂಭದಲ್ಲಿ, ಎಲೆ ಚಿಗುರುವ ಹೊತ್ತಿಗೇ ಹೂ ಬರುತ್ತದೆ. ಎರಡರಿಂದ ಆರು ಹೂಗಳ ಗೊಂಚಲು. ಒಂದೊಂದಕ್ಕೂ 2ರಿಂದ 5 ಸೆಂಟಿಮೀಟರ್ ಉದ್ದದ ತೊಟ್ಟು. ಹಾಗಾಗಿ ಹೂಗಳು ಕೆಳಮುಖವಾಗಿ ಜೋತಾಡುತ್ತವೆ. ಅರಳಿದ ಹೂ ಸುಮಾರು 3 ಸೆಂಟಿಮೀಟರ್ ಅಗಲ.

ಒಂದನ್ನು ತಿರುಗಿಸಿ ಒಳಗೆ ನೋಡೋಣ. ಐದು ಬಿಳಿ ದಳಗಳು. ಅವುಗಳ ಹಿಂದೆ ಐದು ಪುಷ್ಪಪತ್ರಗಳು ಹಿಂದಕ್ಕೆ ಮಡಚಿಕೊಂಡಿವೆ. ದಳಗಳ ಬುಡದಲ್ಲಿ ಒಂದು ಪುಟ್ಟ ಬಟ್ಟಲು. ಬಟ್ಟಲಿನ ಅಂಚಿನಿಂದ ಇಪ್ಪತ್ತಕ್ಕೂ ಹೆಚ್ಚು ಕೇಸರಗಳು ಎದ್ದಿವೆ, ತುದಿಯಲ್ಲಿ ಹಳದಿ ಪರಾಗದ ಚೀಲಗಳು. ನಟ್ಟನಡುವೆ ಒಂದೇ ಒಂದು ಹಸಿರು ಶಲಾಕೆ. ಬಟ್ಟಲಿನ ಒಳಗೋಡೆ ಮಿಣಮಿಣ ಹೊಳೆಯುತ್ತದೆ. ಮಕರಂದ ಒಸರುವುದು ಅಲ್ಲಿಂದಲೇ. ಜೇನುನೊಣ ಆ ಸಿಹಿಗೆ ತಲೆ ತೂರಿಸಬೇಕಾದರೆ ಕೇಸರಗಳ ಪೊದೆಯನ್ನು ದಾಟಲೇಬೇಕು. ಮೈಗೆ ಪರಾಗ ಮೆತ್ತಿಕೊಳ್ಳದೆ ಹೊರಬರೋಕಾಗಲ್ಲ. ಶಲಾಕೆಯ ಬುಡದ ಅಂಡಾಶಯದಲ್ಲಿ ಎರಡು ಅಂಡಕಗಳಿರುತ್ತವೆ. ಸಾಮಾನ್ಯವಾಗಿ ಒಂದು ಬೀಜವಾಗುತ್ತದೆ, ಇನ್ನೊಂದು ಬಾಡಿಹೋಗುತ್ತದೆ. ಚೆರ್ರಿ ಹಣ್ಣಿನಲ್ಲಿ ಒಂದೇ ಓಟೆ, ಓಟೆಯಲ್ಲಿ ಒಂದೇ ಬೀಜ ಇರುವುದು ಇದಕ್ಕೇ.

ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿ ಇದ್ದರೂ ಕಾಡು ಚೆರ್ರಿ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ. ಪರಾಗದ ಕಣ ಶಲಾಕೆಯ ತುದಿಗೆ ಬಿದ್ದು ಕೊಳವೆ ಬಿಡುತ್ತದೆ. ಆ ಕೊಳವೆ ಕೆಳಗಿಳಿಯುವಾಗ ಶಲಾಕೆಯಲ್ಲಿರುವ ಎಸ್-ಆರ್‌ಎನ್‌ಏಸ್ ಅನ್ನುವ ಕಿಣ್ವ ಅದರ ಗುರುತುಚೀಟಿ ನೋಡುತ್ತದೆ. ಪರಾಗದ ಗುರುತು ತನ್ನದರ ಹಾಗೇ ಇದ್ದರೆ ಕೊಳವೆಯೊಳಗಿನ ಆರ್‌ಎನ್‌ಎಯನ್ನು ಕಡಿದುಹಾಕುತ್ತದೆ. ಕೊಳವೆ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಬೇರೆ ಗುರುತಿನ ಪರಾಗ ಮಾತ್ರ ಅಂಡಾಶಯ ತಲುಪುತ್ತದೆ. ಬೆಳೆಗಾರರಿಗೆ ಇದೊಂದು ತಲೆನೋವು. ಹಾಗಾಗಿ ಪರಾಗಕ್ಕೆ ಎಕ್ಸ್-ರೇ ಹಾಯಿಸಿ ಈ ಗುರುತನ್ನೇ ಕೆಡಿಸಿದ ತಳಿಗಳನ್ನು ಮಾಡಿದರು. ಆ ವಂಶದ 'ಸ್ಟೆಲ್ಲಾ' ಅನ್ನುವ ಸಿಹಿ ಚೆರ್ರಿ 1968ರಲ್ಲಿ ಕೆನಡಾದಿಂದ ಬಂತು. ಅದಕ್ಕೆ ಜೊತೆ ಮರ ಬೇಕಾಗಿಲ್ಲ.

ಕಾಡಿನ ಮರಕ್ಕೆ ಆ ಅನುಕೂಲ ಇಲ್ಲ. ಇನ್ನೂ ಒಂದು ತೊಡಕಿದೆ. ಕಾಡು ಚೆರ್ರಿ ಬೇರಿನಿಂದಲೂ ಸಸಿ ಎಬ್ಬಿಸುತ್ತದೆ. ಅಕ್ಕಪಕ್ಕ ನಿಂತ ಐದಾರು ಮರಗಳು ನೋಡೋಕೆ ಬೇರೆ ಬೇರೆಯಾದರೂ ಒಂದೇ ಮರದ ನಕಲುಗಳಾಗಿರಬಹುದು. ಪಕ್ಕದ ಮರದ ಪರಾಗವೂ ಪ್ರಯೋಜನಕ್ಕೆ ಬರೋದಿಲ್ಲ. ನಿಜವಾದ ಜೊತೆ ಎಲ್ಲೋ ದೂರದಲ್ಲಿದೆ, ಹೂವಿನ ಆಯಸ್ಸು ಒಂದು ವಾರದ ಆಸುಪಾಸು, ಹವಾಮಾನವೋ ಚಳಿ. ಇಂಥ ಹೊತ್ತಿನಲ್ಲಿ ಜೇನುನೊಣ, ದುಂಬಿ, ಒಂಟಿಯಾಗಿ ಗೂಡು ಕಟ್ಟುವ ಕಾಡುಜೇನುಗಳನ್ನು ದೂರದಿಂದ ಕರೆಯಬೇಕು. ಬಿಳಿ ಬಣ್ಣ ಒಂದಿಷ್ಟು ಕೆಲಸ ಮಾಡುತ್ತದೆ. ಉಳಿದದ್ದು ಘಮದ ಪಾಲು.

ಗಾಳಿಯನ್ನು ಹಿಡಿದು ಎಣಿಸುವುದು

ಘಮ ಅಂದರೆ ಗಾಳಿಗೆ ಹಾರುವಷ್ಟು ಹಗುರಾದ ಅಣುಗಳು, ಅಷ್ಟೇ. ಜಗತ್ತಿನ ಹೂಗಳಲ್ಲಿ ಇಂಥ 1,700ಕ್ಕೂ ಹೆಚ್ಚು ಅಣುಗಳನ್ನು ಗುರುತಿಸಿದ್ದಾರೆ. ಒಂದು ಹೂವಿನಲ್ಲಿ ಯಾವ್ಯಾವುದಿದೆ ಅಂತ ತಿಳಿಯೋದು ಹೇಗೆ?

ಹೂವನ್ನು ಕೀಳಬಾರದು. ಮರದಲ್ಲೇ ಇರುವ ಗೊಂಚಲಿಗೆ, ತನ್ನದೇ ವಾಸನೆ ಇಲ್ಲದ ಪ್ಲಾಸ್ಟಿಕ್‌ನ ಪಾರದರ್ಶಕ ಚೀಲ ಕಟ್ಟುತ್ತಾರೆ. ಸಣ್ಣ ಪಂಪಿನಿಂದ ಒಳಗಿನ ಗಾಳಿಯನ್ನು ನಿಧಾನಕ್ಕೆ ಎಳೆದು, ವಾಸನೆಯ ಅಣುಗಳನ್ನು ಹೀರಿಕೊಳ್ಳುವ ಪುಡಿ ತುಂಬಿದ ಕೊಳವೆಯ ಮೂಲಕ ಹಾಯಿಸುತ್ತಾರೆ. ಕೆಲವು ಗಂಟೆಗಳಾದ ಮೇಲೆ ಆ ಕೊಳವೆ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಅದನ್ನು ಬಿಸಿ ಮಾಡಿ, ಸಿಕ್ಕಿಕೊಂಡ ಅಣುಗಳನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಬಿಡುತ್ತಾರೆ. ಯಂತ್ರದೊಳಗೆ ಸುರುಳಿ ಸುತ್ತಿದ ಒಂದು ನಾಳ. ಉದ್ದ ಸಾಮಾನ್ಯವಾಗಿ 30 ಮೀಟರ್, ಒಳಗಿನ ಅಗಲ ಕಾಲು ಮಿಲಿಮೀಟರ್. ಓಟದ ಪಂದ್ಯದ ಹಾಗೆ ಕೆಲವು ಅಣುಗಳು ಬೇಗ ಓಡಿ ಬರುತ್ತವೆ, ಕೆಲವು ಗೋಡೆಗೆ ಅಂಟಿಕೊಳ್ಳುತ್ತಾ ತಡವಾಗಿ ಬರುತ್ತವೆ. ಹೊರಬಂದ ಒಂದೊಂದನ್ನೂ ಇನ್ನೊಂದು ಯಂತ್ರ ಒಡೆದು ಚೂರುಗಳನ್ನು ತೂಗುತ್ತದೆ.

ಚೆರ್ರಿ ಮಟ್ಟಿಗೆ ನೋಡಬೇಕಾದ ಅಂಕಿಗಳು 106, 105 ಮತ್ತು 77. ಇಡೀ ಅಣುವಿನ ತೂಕ 106. ಒಂದು ಹೈಡ್ರೋಜನ್ ಕಳಚಿದರೆ 105. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಬಿಟ್ಟುಹೋದರೆ ಉಳಿಯುವ ಉಂಗುರದ ತೂಕ 77. ಈ ಮೂರು ಗೆರೆ ಒಟ್ಟಿಗೆ ಕಂಡರೆ ಬಂದಿರುವುದು ಬೆಂಜಾಲ್ಡಿಹೈಡ್. ಬಾದಾಮಿ ಎಸೆನ್ಸ್‌ನ ವಾಸನೆ ಅಂದರೆ ಇದೇ. ಚೆರ್ರಿ ಗುಂಪಿನ ಹೂಗಳಲ್ಲಿ ಪದೇ ಪದೇ ಸಿಗುವ ಇನ್ನಷ್ಟು ಹೆಸರುಗಳಿವೆ: ಗುಲಾಬಿಯ ಕಂಪಿನ ಫಿನೈಲ್‌ಎಥನಾಲ್, ಮೆಲ್ಲಗೆ ಸಿಹಿಯಾದ ಅನಿಸಾಲ್ಡಿಹೈಡ್, ಹೂವು ಹಣ್ಣು ಎರಡನ್ನೂ ನೆನಪಿಸುವ ಲಿನಾಲೂಲ್, ಜೊತೆಗೆ ಹಸಿ ಎಲೆಯ ವಾಸನೆ ಕೊಡುವ ಒಂದೆರಡು. ಮರದಿಂದ ಮರಕ್ಕೆ, ಪ್ರಭೇದದಿಂದ ಪ್ರಭೇದಕ್ಕೆ ಪ್ರಮಾಣ ಬದಲಾಗುತ್ತದೆ. ಯಂತ್ರದಲ್ಲಿ ಎತ್ತರದ ಗೆರೆ ಬಂದ ಮಾತ್ರಕ್ಕೆ ಮೂಗಿಗೂ ಅದೇ ಜೋರು ಅಂತಲ್ಲ. ಕೆಲವು ಅಣುಗಳು ರಾಶಿ ಇದ್ದರೂ ಮೂಗಿಗೆ ತಿಳಿಯೋದಿಲ್ಲ, ಕೆಲವು ಚಿಟಿಕೆಯಷ್ಟಿದ್ದರೂ ಇಡೀ ಘಮವನ್ನು ಆಳುತ್ತವೆ. ಅದಕ್ಕೇ ನಾಳದ ತುದಿಯಲ್ಲಿ ಒಬ್ಬ ಮನುಷ್ಯನನ್ನೂ ಕೂರಿಸಿ ಮೂಸಿಸುತ್ತಾರೆ. ಇಷ್ಟೆಲ್ಲ ದುಬಾರಿ ಯಂತ್ರದ ಕೊನೆಗೆ ಒಂದು ಮೂಗು!

ಹೂವನ್ನು ಕೀಳಬಾರದು ಅಂದೆನಲ್ಲ, ಚೆರ್ರಿಯಲ್ಲಿ ಅದಕ್ಕೆ ಹೆಚ್ಚಿನ ಕಾರಣವಿದೆ. ಇದರ ಹೂಮೊಗ್ಗಿನಲ್ಲೂ ಪ್ರೂನಾಸಿನ್ ಅನ್ನುವ ವಸ್ತು ಇರುತ್ತದೆ. ಜಜ್ಜಿದರೆ ಅದು ಒಡೆದು ಬೆಂಜಾಲ್ಡಿಹೈಡ್ ಬಿಡುತ್ತದೆ. ಹಾಗಾಗಿ ಕಿತ್ತು ಹಿಸುಕಿದ ಹೂವಿನಲ್ಲಿ ಬರುವ ಬಾದಾಮಿ ವಾಸನೆ ಕರೆಯೋಲೆಯದೋ ಗಾಯದ್ದೋ ಹೇಳೋಕಾಗಲ್ಲ.

ಒಂಬತ್ತು ಕಾರ್ಬನ್‌ಗಳ ಕತ್ತರಿ ಕೆಲಸ

ಈಗ ಫಿನೈಲ್‌ಅಲನಿನ್ ಹತ್ತಿರ ಹೋಗೋಣ. ರಸಾಯನಶಾಸ್ತ್ರ ಅಂದರೆ ಓಡುವವರೂ ಸ್ವಲ್ಪ ನಿಲ್ಲಿ, ಇಲ್ಲಿ ಬೇಕಿರುವುದು ಎಣಿಸೋಕೆ ಬರುವುದಷ್ಟೇ. ಈ ಅಣುವಿನಲ್ಲಿ ಆರು ಕಾರ್ಬನ್‌ಗಳ ಒಂದು ಉಂಗುರ, ಅದಕ್ಕೆ ಮೂರು ಕಾರ್ಬನ್‌ಗಳ ಬಾಲ. ಒಟ್ಟು ಒಂಬತ್ತು. ಬಾಲದ ನಡುವಿನ ಕಾರ್ಬನ್‌ಗೆ ಸಾರಜನಕ ಅಂಟಿಕೊಂಡಿದೆ. ಮರ ಮಾಡುವ ಕೆಲಸವೆಲ್ಲ ಈ ಬಾಲವನ್ನು ಎಲ್ಲಿ ಕತ್ತರಿಸಬೇಕು ಅನ್ನುವುದರಲ್ಲಿದೆ.

ಬಾಲದಿಂದ ಸಾರಜನಕವನ್ನು ಕಿತ್ತರೆ ಸಿನಾಮಿಕ್ ಆಮ್ಲ. ಇನ್ನೂ ಒಂಬತ್ತು ಕಾರ್ಬನ್ ಇವೆ. ತುದಿಯ ಎರಡು ಕಾರ್ಬನ್ ಕತ್ತರಿಸಿದರೆ ಏಳು ಉಳಿಯುತ್ತವೆ. ಅದೇ ಬೆಂಜಾಲ್ಡಿಹೈಡ್. ಬೇರೆ ದಾರಿಯಲ್ಲಿ ಹೋಗಿ ತುದಿಯ ಒಂದೇ ಕಾರ್ಬನ್ ಕತ್ತರಿಸಿದರೆ ಎಂಟು. ಅದು ಗುಲಾಬಿ ಕಂಪಿನ ಫಿನೈಲ್‌ಎಥನಾಲ್. ಒಂದು ಕಾರ್ಬನ್ ಹೆಚ್ಚು ಕಮ್ಮಿಯಾದರೆ ಬಾದಾಮಿ ಹೋಗಿ ಗುಲಾಬಿ! ಅನಿಸಾಲ್ಡಿಹೈಡ್‌ನಲ್ಲಿ ಏಳು ಕಾರ್ಬನ್‌ಗಳ ಅದೇ ಚೌಕಟ್ಟಿನ ಎದುರು ತುದಿಗೆ ಆಮ್ಲಜನಕ ಮತ್ತು ಇನ್ನೊಂದು ಕಾರ್ಬನ್‌ನ ಚೂರು ಸೇರಿರುತ್ತದೆ. ಲಿನಾಲೂಲ್ ಮಾತ್ರ ಈ ಮನೆಯದಲ್ಲ. ಅದು ಟರ್ಪೀನ್ ಅನ್ನುವ ಬೇರೆ ಬಳಗ, ಐದು ಕಾರ್ಬನ್‌ಗಳ ಎರಡು ತುಂಡು ಜೋಡಿಸಿ ಮಾಡಿದ್ದು.

ಬೆಂಜಾಲ್ಡಿಹೈಡ್ ಇಷ್ಟು ಸರಳ ಅಣು, ಮನುಷ್ಯರಿಗೆ ಪರಿಚಯವಾಗಿ ಇನ್ನೂರು ವರ್ಷಗಳಾಗಿವೆ. ಆದರೆ ಹೂವಿನೊಳಗೆ ಕೊನೆಯ ಹೆಜ್ಜೆಯಲ್ಲಿ ಇದನ್ನು ತಯಾರಿಸುವ ಕಿಣ್ವ ಯಾವುದು ಅಂತ ಪತ್ತೆಯಾಗಿದ್ದು 2022ರಲ್ಲಿ, ಅದೂ ಪೆಟೂನಿಯಾ ಹೂವಿನಲ್ಲಿ. ಎರಡು ಬೇರೆ ಬೇರೆ ಪ್ರೋಟೀನ್ ತುಂಡುಗಳು ಜೋಡಿಯಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ಒಂದೊಂದನ್ನೇ ಹುಡುಕಿದವರಿಗೆ ಸಿಗದಿದ್ದರೆ ಆಶ್ಚರ್ಯವೇನಿಲ್ಲ. ಹೂವಿನ ಘಮದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ಪೆಟೂನಿಯಾ ಮತ್ತು ಸ್ನ್ಯಾಪ್‌ಡ್ರ್ಯಾಗನ್‌ನಿಂದ ಬಂದಿದೆ. ಕುಂಡದಲ್ಲಿ ಬೇಗ ಬೆಳೆಯುವ ಗಿಡಗಳು ಅವು. ಇಪ್ಪತ್ತು ಮೀಟರಿನ ಮರವನ್ನು ಲ್ಯಾಬಿನ ಮೇಜಿನ ಮೇಲೆ ಇಡೋಕಾಗುತ್ತಾ?

ಘಮವನ್ನು ದಳದ ಹೊರಪದರದ ಕೋಶಗಳು ಆಗಿಂದಾಗ್ಗೆ ತಯಾರಿಸಿ ಬಿಡುತ್ತಿರುತ್ತವೆ. ತಯಾರಾದ ಅಣು ಸುಮ್ನೆ ತಾನಾಗಿ ಸೋರಿಹೋಗುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. ಕೋಶದ ಪೊರೆ ದಾಟಿಸೋಕೆ ಶಕ್ತಿ ಖರ್ಚು ಮಾಡುವ ಒಂದು ಸಾಗಣೆ ಪ್ರೋಟೀನ್ ಇದೆ ಅಂತ 2017ರಲ್ಲಿ, ಮತ್ತೆ ಪೆಟೂನಿಯಾದಲ್ಲೇ, ತೋರಿಸಿದರು. ಅದನ್ನು ತಗ್ಗಿಸಿದಾಗ ಅಣುಗಳು ಒಳಗೇ ತುಂಬಿಕೊಂಡು ಕೋಶದ ಪೊರೆಗೇ ಹಾನಿ ಮಾಡಿದವು.

ಬೆಳಗಿನ ಚಳಿಯಲ್ಲಿ ಚೆರ್ರಿ ಹೂ ಮೂಸಿದರೆ ಏನೂ ಸಿಗದಿರುವುದಕ್ಕೂ ಇದಕ್ಕೂ ನಂಟಿದೆ. ತಂಪಿನಲ್ಲಿ ಕಿಣ್ವಗಳ ಕೆಲಸ ನಿಧಾನ, ಅಣುಗಳು ಹಾರುವುದೂ ಕಡಿಮೆ. ಬಿಸಿಲು ಬಿದ್ದ ಮೇಲೆ ಎರಡೂ ಚುರುಕಾಗುತ್ತವೆ. ಸಾಕಿದ ಜೇನುನೊಣವೂ ಗಾಳಿ ಸುಮಾರು 10ರಿಂದ 12 ಡಿಗ್ರಿ ಬೆಚ್ಚಗಾಗುವವರೆಗೆ ಗೂಡು ಬಿಡಲು ಒಪ್ಪುವುದಿಲ್ಲ. ಕೇಳುವವರು ಎದ್ದ ಮೇಲೆ ಮಾತಾಡಿದರೆ ಸಾಕಲ್ಲ. ಹೊರಟ ಘಮ ದಾರಿಯಲ್ಲಿ ಬದಲಾಗುತ್ತದೆ ಕೂಡ. ಗಾಳಿಯಲ್ಲಿ ಓಝೋನ್ ಇದ್ದರೆ ಲಿನಾಲೂಲ್ ಬೇಗ ಒಡೆದುಹೋಗುತ್ತದೆ, ಬೆಂಜಾಲ್ಡಿಹೈಡ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹೊಗೆ ತುಂಬಿದ ಊರಿನ ಪಕ್ಕ, ದೂರದ ಜೇನುನೊಣಕ್ಕೆ ತಲುಪುವ ಘಮ ಹೂವಿನ ಬಾಯಲ್ಲಿ ಹೊರಟ ಘಮವೇ ಆಗಿರುವುದಿಲ್ಲ.

ಅದೇ ಬಾದಾಮಿ, ಈ ಸಲ ವಿಷದ ಜೊತೆ

ಫಿನೈಲ್‌ಅಲನಿನ್‌ನ ಇನ್ನೊಂದು ದಾರಿಯಲ್ಲಿ ಮರ ಸಾರಜನಕವನ್ನು ಕೀಳುವುದಿಲ್ಲ, ಉಳಿಸಿಕೊಳ್ಳುತ್ತದೆ. ತುದಿಯ ಒಂದು ಕಾರ್ಬನ್ ಮಾತ್ರ ಹೋಗುತ್ತದೆ. ಉಳಿದ ಎಂಟರಲ್ಲಿ ಕೊನೆಯ ಕಾರ್ಬನ್ ಸಾರಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಮ್ಯಾಂಡೆಲೊನೈಟ್ರಿಲ್. ಹೀಗೇ ಬಿಟ್ಟರೆ ಅಪಾಯ, ಅದಕ್ಕೆ ಒಂದು ಗ್ಲೂಕೋಸ್ ಅಂಟಿಸಿ ಬಾಯಿ ಕಟ್ಟುತ್ತದೆ. ಆಗ ಅದು ಪ್ರೂನಾಸಿನ್. ಎಲೆ, ತೊಗಟೆಯಲ್ಲಿ ಇರುವುದು ಇದು. ಬೀಜದಲ್ಲಿ ಇನ್ನೂ ಒಂದು ಗ್ಲೂಕೋಸ್ ಸೇರಿ ಅಮಿಗ್ಡಾಲಿನ್ ಆಗುತ್ತದೆ. ಸಕ್ಕರೆ ಅಂಟಿರುವವರೆಗೆ ವಾಸನೆಯೂ ಇಲ್ಲ, ವಿಷವೂ ಇಲ್ಲ.

ಸಕ್ಕರೆ ಬಿಡಿಸುವ ಕಿಣ್ವವೂ ಅದೇ ಗಿಡದಲ್ಲಿರುತ್ತದೆ, ಆದರೆ ಬೇರೆ ಕೋಣೆಯಲ್ಲಿ. ಕಪ್ಪು ಚೆರ್ರಿಯ ಬೀಜದಲ್ಲಂತೂ ಅಮಿಗ್ಡಾಲಿನ್ ಒಂದು ಬಗೆಯ ಕೋಶಗಳಲ್ಲಿ, ಕಿಣ್ವ ಇನ್ನೊಂದು ಬಗೆಯ ಕೋಶಗಳಲ್ಲಿ ಇವೆ. ಹುಳ ಕಡಿಯಿತು, ಕೋಶ ಒಡೆಯಿತು, ಎರಡೂ ಬೆರೆತವು. ಮೊದಲು ಸಕ್ಕರೆ ಕಳಚುತ್ತದೆ. ಉಳಿದ ಎಂಟು ಕಾರ್ಬನ್‌ಗಳ ಅಣುವನ್ನು ಇನ್ನೊಂದು ಕಿಣ್ವ ಎರಡು ಹೋಳು ಮಾಡುತ್ತದೆ. ಏಳು ಕಾರ್ಬನ್‌ಗಳ ಹೋಳು ಬೆಂಜಾಲ್ಡಿಹೈಡ್. ಒಂದು ಕಾರ್ಬನ್‌ನ ಹೋಳು ಹೈಡ್ರೋಜನ್ ಸಯನೈಡ್. ಕಡ್ಡಿ ಕೆರೆದಾಗ ಬಂದ ಬಾದಾಮಿ ವಾಸನೆ ನೆನಪಿದೆಯಾ? ಅದರ ಜೊತೆಗೆ ಹೊರಟಿದ್ದು ಇದು. ಮೂಸುವುದಕ್ಕೆ ತೊಂದರೆಯಿಲ್ಲ, ಅಗಿಯೋಕೆ ಮಾತ್ರ ಹೋಗಬೇಡಿ.

ಈ ಲೆಕ್ಕ ಬಿಡಿಸಿದ ಕತೆ ಹಳೆಯದು. ಕಹಿ ಬಾದಾಮಿಯಿಂದ ಅಮಿಗ್ಡಾಲಿನ್ ಬೇರ್ಪಡಿಸಿದ್ದು 1830ರಲ್ಲಿ, ಫ್ರಾನ್ಸಿನ ರೊಬಿಕೆ ಮತ್ತು ಬುಟ್ರೊನ್-ಶಾರ್ಲಾರ್. ಬಾದಾಮಿಯಲ್ಲೇ ಇರುವ ಒಂದು ಪದಾರ್ಥ ಅದನ್ನು ಸಕ್ಕರೆ, ಬೆಂಜಾಲ್ಡಿಹೈಡ್, ಸಯನೈಡ್ ಆಗಿ ಒಡೆಯುತ್ತದೆ ಅಂತ 1837ರಲ್ಲಿ ಜರ್ಮನಿಯ ಲೀಬಿಗ್ ಮತ್ತು ವೋಲರ್ ತೋರಿಸಿದರು. ಕಿಣ್ವ ಅನ್ನುವ ಕಲ್ಪನೆಯೇ ಇನ್ನೂ ಸರಿಯಾಗಿ ಬಲಿಯದ ಕಾಲ ಅದು. ನಾವು ತಿನ್ನುವ ಸಿಹಿ ಬಾದಾಮಿಯಲ್ಲಿ ಅಮಿಗ್ಡಾಲಿನ್ ತಯಾರಿಕೆಯ ಜೀನುಗಳನ್ನು ಎಚ್ಚರಿಸುವ ಒಂದು ಪ್ರೋಟೀನ್ ಕೆಟ್ಟಿದೆ. ಒಂದೇ ಒಂದು ಅಮೈನೊ ಆಮ್ಲ ಬದಲಾಗಿದ್ದಕ್ಕೆ ಹೀಗಾಗಿದೆ ಅಂತ 2019ರಲ್ಲಿ ತಿಳಿಯಿತು. ಇನ್ನು 'ಸಯನೈಡ್‌ಗೆ ಬಾದಾಮಿ ವಾಸನೆ' ಅನ್ನುವ ಮಾತು. ಕಹಿ ಬಾದಾಮಿಯ ಗಾಢವಾದ ಕಂಪು ಹೆಚ್ಚಾಗಿ ಬೆಂಜಾಲ್ಡಿಹೈಡ್‌ನದು. ಸಯನೈಡ್‌ಗೂ ಅದರದೇ ಆದ ತೆಳು ವಾಸನೆ ಇದೆ, ಆದರೆ ಹುಟ್ಟಿನಿಂದಲೇ ಅದನ್ನು ಗ್ರಹಿಸಲಾಗದ ಮೂಗಿನವರೂ ಇದ್ದಾರೆ.

ಹಣ್ಣಿನ ತಿರುಳಿನಲ್ಲಿ ಮಾತ್ರ ಮರ ವಿಷ ಇಡುವುದಿಲ್ಲ. ಹಕ್ಕಿ ನುಂಗಲಿ, ಓಟೆಯನ್ನು ಒಡೆಯದೆ ದೂರ ಒಯ್ದು ಹಾಕಲಿ ಅಂತ. ಎಲೆಯಲ್ಲಿ ಆ ರಿಯಾಯಿತಿ ಇಲ್ಲ. ಗಾಳಿಗೆ ಮುರಿದು ಬಿದ್ದ ಕೊಂಬೆಯ ಬಾಡಿದ ಎಲೆ ದನಗಳಿಗೆ ಪ್ರಾಣಾಂತಿಕ ಆಗಬಹುದು. ಬಾಡುವಾಗ ಕೋಶದ ಕೋಣೆಗಳ ಗೋಡೆ ಕುಸಿದಿರುತ್ತದೆ.

ವಿಷ ಇಟ್ಟ ಮಾತ್ರಕ್ಕೆ ಎಲ್ಲರೂ ಹೆದರುತ್ತಾರಾ? ಉತ್ತರ ಅಮೆರಿಕದ ಒಂದು ಡೇರೆ ಕಂಬಳಿಹುಳಕ್ಕೆ ಕಪ್ಪು ಚೆರ್ರಿಯ ಎಲೆಯೇ ಇಷ್ಟದ ಊಟ. ಇರುವೆ ಮೈಮೇಲೆ ಬಂದರೆ ಅದು ತಿಂದ ಎಲೆಯ ರಸವನ್ನು ಕಕ್ಕುತ್ತದೆ. ಆ ರಸದಲ್ಲಿ ಬೆಂಜಾಲ್ಡಿಹೈಡ್, ಸಯನೈಡ್ ಎರಡೂ ಇರುತ್ತವೆ. ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಇರುವೆಯನ್ನು ಹಿಮ್ಮೆಟ್ಟಿಸಿದ್ದು ಬೆಂಜಾಲ್ಡಿಹೈಡ್, ಸಯನೈಡ್ ಅಲ್ಲ. ಮರ ಇರುವೆಗೆ ಸಿಹಿ ಕೊಟ್ಟು ಕಾವಲಿಗೆ ಕರೆಯುತ್ತದೆ, ಹುಳ ಮರದ್ದೇ ಅಸ್ತ್ರ ಕದ್ದು ಆ ಕಾವಲುಗಾರನನ್ನು ಓಡಿಸುತ್ತದೆ. ಇಡೀ ಚೆರ್ರಿ ಪುರಾಣದಲ್ಲಿ ನನಗೆ ತುಂಬ ಇಷ್ಟವಾದ ಪಾತ್ರ ಈ ಹುಳ.

ಹಾಗಾದರೆ ಹೂವಿನಲ್ಲಿ ಜೇನುನೊಣವನ್ನು ಕರೆಯುವ ಬೆಂಜಾಲ್ಡಿಹೈಡ್ ಇಲ್ಲಿ ಓಡಿಸುವುದು ಹೇಗೆ? ಉತ್ತರ ಪ್ರಮಾಣದಲ್ಲಿದೆ. ಜೇನು ಸಾಕುವವರಲ್ಲೇ ಕೆಲವರು ತುಪ್ಪದ ಚೌಕಟ್ಟು ತೆಗೆಯುವ ಮೊದಲು ಬಟ್ಟೆಗೆ ಬೆಂಜಾಲ್ಡಿಹೈಡ್ ಚಿಮುಕಿಸಿ ಪೆಟ್ಟಿಗೆಯ ಮೇಲೆ ಮುಚ್ಚುತ್ತಾರೆ. ಘಾಟು ತಡೆಯಲಾರದೆ ನೊಣಗಳು ಕೆಳಗಿನ ಪೆಟ್ಟಿಗೆಗೆ ಇಳಿದುಬಿಡುತ್ತವೆ. ಹೂವಿನಲ್ಲಿ ಅದು ಎಳೆಯಷ್ಟೇ, ಗುಲಾಬಿ ಕಂಪಿನ ಜೊತೆ, ಲಿನಾಲೂಲ್ ಜೊತೆ, ಬಟ್ಟಲಿನ ಮಕರಂದದ ಜೊತೆ ಬರುತ್ತದೆ. ಒಮ್ಮೆ ಸಿಹಿ ಸಿಕ್ಕ ನೊಣ ಆ ಬೆರಕೆಯನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಮರಕ್ಕೂ ಅದೇ ಗುರುತಿನ ಮೇಲೆ ಹೋಗುತ್ತದೆ.

ಪ್ರೂನಸ್ ಪ್ಯಾಡಸ್, ಅಂದರೆ ಬರ್ಡ್ ಚೆರ್ರಿ, ಈ ವಿಷಯದಲ್ಲಿ ಅಷ್ಟು ನಾಜೂಕಿನದಲ್ಲ. ಅದರ ಹೂ ಗೊಂಚಲಾಗಿ ಬರುವುದಿಲ್ಲ, ಉದ್ದ ತೆನೆಯಾಗಿ ಬರುತ್ತದೆ. ಕಹಿ ಬಾದಾಮಿ ಬೆರೆತ ಗಾಢ ವಾಸನೆ, ಕೆಲವರಿಗೆ ತಲೆ ಹಿಡಿಯುವಷ್ಟು. ಜೇನುನೊಣದ ಜೊತೆ ಬೇರೆ ನೊಣಗಳೂ ಮುತ್ತುತ್ತವೆ. ರಷ್ಯಾದಲ್ಲಿ ಇದಕ್ಕೆ ಚೆರ್ಯೋಮುಖ ಅನ್ನುತ್ತಾರೆ. ಅದು ಅರಳುವ ಹೊತ್ತಿಗೆ ಮರಳಿ ಬರುವ ಚಳಿಗೆ 'ಚೆರ್ಯೋಮುಖದ ಚಳಿ' ಅಂತಲೇ ಹೆಸರು.

ಎಲೆಯ ಘಮ, ಹೂವಿನ ಹೆಸರು

ಮೊದಲು ಹೇಳಿದ ಮೂರನೆಯ ವಾಸನೆ ಬಾಕಿ ಇದೆ. ಜಪಾನಿನ ಇಝು ದ್ವೀಪಗಳ ಕಡೆಯ ಕಾಡು ಮರ ಓಶಿಮಾ ಚೆರ್ರಿ. ದೊಡ್ಡ ಬಿಳಿ ಹೂ, ಚೆರ್ರಿಗಳ ಮಟ್ಟಿಗೆ ಒಳ್ಳೆಯ ಕಂಪು. ಜಪಾನಿನ ಪಾರ್ಕುಗಳಲ್ಲಿ ಸಾಲುಸಾಲಾಗಿ ಅರಳುವ ಸೊಮೆಯ್-ಯೊಶಿನೊ ಇದರದ್ದೇ ಮಗು, ಎದೊಹಿಗಾನ್ ಅನ್ನುವ ಇನ್ನೊಂದು ಚೆರ್ರಿಯ ಜೊತೆ ಬೆರೆತು ಹುಟ್ಟಿದ್ದು. ಎಲ್ಲವೂ ಕಸಿ ಕಟ್ಟಿ ಬೆಳೆಸಿದ ನಕಲುಗಳು. ಕಣ್ಣಿಗೆ ಹಬ್ಬ, ಮೂಗಿಗೆ ಹೆಚ್ಚೇನೂ ಇಲ್ಲ. ಆದರೂ 'ಸಕುರಾ ಘಮ', ಅಂದರೆ ಚೆರ್ರಿ ಹೂವಿನ ಘಮ, ಅಂದ ಕೂಡಲೇ ಜಪಾನೀಯರಿಗೆ ಒಂದು ಸಿಹಿಯಾದ ವಾಸನೆ ನೆನಪಾಗುತ್ತದೆ. ಅದು ಸಕುರಾಮೊಚಿ ಅನ್ನುವ ಸಿಹಿಗೆ ಸುತ್ತುವ, ಉಪ್ಪಿನಲ್ಲಿ ಹಾಕಿಟ್ಟ ಓಶಿಮಾ ಎಲೆಯದು. ಇಝು ಪರ್ಯಾಯ ದ್ವೀಪದ ಮತ್ಸುಝಾಕಿ ಊರು ಈ ಎಲೆಗೆ ಹೆಸರುವಾಸಿ.

ಆ ವಾಸನೆಯ ಹೆಸರು ಕೂಮರಿನ್. ಇಲ್ಲೂ ಶುರುವಾಗುವುದು ಫಿನೈಲ್‌ಅಲನಿನ್‌ನಿಂದ ಬಂದ ಸಿನಾಮಿಕ್ ಆಮ್ಲದಿಂದ. ಈ ಸಲ ಕತ್ತರಿಯೇ ಬೇಡ. ಉಂಗುರಕ್ಕೆ, ಬಾಲದ ಪಕ್ಕದಲ್ಲೇ, ಒಂದು ಆಮ್ಲಜನಕ ಸೇರುತ್ತದೆ. ಅದಕ್ಕೊಂದು ಗ್ಲೂಕೋಸ್ ಅಂಟಿಸಿ ಕೋಶದೊಳಗಿನ ಚೀಲದಲ್ಲಿ ಇಡುತ್ತದೆ. ಜೀವಂತ ಎಲೆಯನ್ನು ಮೂಸಿದರೆ ಈ ಕಂಪು ಬಾರದಿರುವುದು ಅದಕ್ಕೇ. ಉಪ್ಪು ಕೋಶವನ್ನು ಒಡೆದಾಗ ಕಿಣ್ವ ಬಂದು ಸಕ್ಕರೆ ಬಿಡಿಸುತ್ತದೆ. ಆಗ ಬಾಲ ಬಾಗಿ ಪಕ್ಕದ ಆಮ್ಲಜನಕಕ್ಕೆ ಕೊಂಡಿ ಹಾಕಿಕೊಂಡು ಎರಡನೇ ಉಂಗುರವಾಗುತ್ತದೆ. ಒಂಬತ್ತು ಕಾರ್ಬನ್‌ಗಳೂ ಹಾಗೇ ಇವೆ, ಎಣಿಸಿ ನೋಡಿ. ಪ್ರೂನಾಸಿನ್‌ನದ್ದೇ ತಂತ್ರ ಇದು: ಸಕ್ಕರೆಯಿಂದ ಬಾಯಿ ಕಟ್ಟುವುದು, ಕೋಶ ಒಡೆದಾಗ ಬಿಚ್ಚುವುದು. ವಿಲಿಯಂ ಪರ್ಕಿನ್ 1868ರಲ್ಲಿ ಕೂಮರಿನ್ ಅನ್ನು ಲ್ಯಾಬಿನಲ್ಲೇ ತಯಾರಿಸಿದ ಮೇಲೆ ಸುಗಂಧದವರಿಗೆ ಎಲೆಯ ಹಂಗೂ ತಪ್ಪಿತು.

ಹಾಗಾಗಿ ಸೋಪು, ಮೇಣದಬತ್ತಿಗಳ ಮೇಲೆ ಚೆರ್ರಿ ಹೂವಿನ ಚಿತ್ರ ಇದ್ದರೆ ಒಳಗೆ ಹೂವೇ ಇದೆ ಅಂತ ನಂಬಬೇಕಾಗಿಲ್ಲ.

ದಳ ಉದುರಿದ ಮೇಲೆ

ಪೆಟೂನಿಯಾ, ಸ್ನ್ಯಾಪ್‌ಡ್ರ್ಯಾಗನ್‌ಗಳಲ್ಲಿ ಪರಾಗ ಅಂಡಾಶಯ ತಲುಪಿದ ಮೇಲೆ ಘಮ ತಾನಾಗಿ ಇಳಿಯುತ್ತದೆ. ಚೆರ್ರಿಯಲ್ಲಿ ಕೆಲವೇ ದಿನಗಳಲ್ಲಿ ದಳಗಳೇ ಉದುರಿಹೋಗುತ್ತವೆ. ಕೇಸರ ಒಣಗುತ್ತದೆ, ಬಟ್ಟಲು ಕಳಚಿ ಬೀಳುತ್ತದೆ, ನಡುವಿನ ಹಸಿರು ಗುಂಡು ಮಾತ್ರ ತೊಟ್ಟಿಗೆ ಅಂಟಿಕೊಂಡು ಊದುತ್ತದೆ.

ಅದರೊಳಗೆ ಫಿನೈಲ್‌ಅಲನಿನ್‌ನ ಕೆಲಸ ನಿಂತಿಲ್ಲ. ಕಪ್ಪು ಚೆರ್ರಿಯ ಎಳೆ ಬೀಜವನ್ನು ವಾರವಾರ ಪರೀಕ್ಷಿಸಿದರೆ ಮೊದಲು ಕಾಣುವುದು ಪ್ರೂನಾಸಿನ್. ಬೇಳೆಗಳು ಮೂಡಿ ಬೀಜ ಬಲಿಯುತ್ತಾ ಹೋದ ಹಾಗೆ ಪ್ರೂನಾಸಿನ್ ಇಳಿದು ಅದರ ಜಾಗಕ್ಕೆ ಅಮಿಗ್ಡಾಲಿನ್ ಬರುತ್ತದೆ. ಮರದ ಕೆಳಗೆ ಬಿದ್ದ ದಳಗಳು ಕಂದಾಗಿ ಮಣ್ಣಿಗೆ ಅಂಟಿರುತ್ತವೆ, ಮೂಸಿದರೆ ಏನೂ ಇಲ್ಲ. ಮೇಲೆ ಕಾಯಿಯೊಳಗೆ ಓಟೆ ಗಟ್ಟಿಯಾಗುತ್ತಿರುತ್ತದೆ, ಅದರೊಳಗಿನ ಬೀಜದಲ್ಲಿ ಎರಡನೇ ಸಕ್ಕರೆ ಅಂಟಿಕೊಳ್ಳುತ್ತಿರುತ್ತದೆ.